ನಗುಮಾಸ್ತರ – ಎರಡು

ಹಲ್ಲಕ್ಕನಿಗೆ ಅನುಮಾನದ ರೋಗ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರಲ್ಲಿ ಅರ್ಧ ಜನ ಅವಳು ಮಾಡಿಕೊಟ್ಟ ಹಲ್ಲು ಹಾಕಿಕೊಂಡೇ ಆಡಿಕೊಳ್ಳುತ್ತಾರೆ, ಅದು ಬೇರೆ ಮಾತು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವಳು ಅದರಲ್ಲಿ ಪ್ಲಾಸ್ಟರು ಹೊಯ್ದು ದವಡೆಯ ಅಚ್ಚು ಎಬ್ಬಿಸಿ, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಬೋರ್ಡಿನ ಮೇಲೆ ಡಾಕ್ಟರ ಹೆಸರು, ಬಾಯೊಳಗೆ ಹಲ್ಲಕ್ಕನ ಕೆಲಸ. ಈ ಕೆಲಸದಲ್ಲಿ ಯಾವುದನ್ನೂ ಸುಮ್ಮನೆ ಒಪ್ಪಿಕೊಳ್ಳುವ ಹಾಗಿಲ್ಲ. ಪ್ಲಾಸ್ಟರು ಬಿರುಕು ಬಿಡುತ್ತದೆ, ಮೇಣ ಸೆಕೆಗೆ ಜಾರುತ್ತದೆ, ಡಾಕ್ಟರು ಅವಸರದಲ್ಲಿರುತ್ತಾರೆ, ರೋಗಿ ಕಚ್ಚಿ ಎಂದರೆ ಕಚ್ಚಿದ ಹಾಗೆ ನಟಿಸುತ್ತಾನೆ. ಕೂದಲೆಳೆಯಷ್ಟು ತಪ್ಪಿದರೂ ವಸಡು ಹುಣ್ಣಾಗುತ್ತದೆ, ಬೈಗುಳ ನೆಟ್ಟಗೆ ಹಲ್ಲಕ್ಕನ ಬಾಗಿಲಿಗೆ ಬರುತ್ತದೆ.

ಕಸುಬಿಗೆ ಬೇಕಾದ ಈ ಗುಣ ಬೆಂಚಿನ ಹತ್ತಿರವೇ ಉಳಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ಅವಳ ಜೊತೆ ಅಡುಗೆಮನೆಗೂ ಹೋಯಿತು, ಮಲಗುವ ಕೋಣೆಗೂ ಹೋಯಿತು. ಬೀಗ ಹಾಕಿ ಎಳೆದು ನೋಡುತ್ತಾಳೆ. ಬೀದಿ ತಿರುವಿನವರೆಗೆ ಹೋಗಿ ವಾಪಸು ಬಂದು ಮತ್ತೆ ಎಳೆದು ನೋಡುತ್ತಾಳೆ. ಆಮೇಲೆ ಯಜಮಾನರನ್ನು ಕರೆದು, "ನೀವೂ ಒಂದು ಸಲ ಎಳೀರಿ" ಅನ್ನುತ್ತಾಳೆ. ಯಜಮಾನರು ನಗರದ ಬಸ್ಸು ಓಡಿಸುವವರು, ಸಮಾಧಾನದ ಮನುಷ್ಯ. ಅವರು ಹೊರಗೆ ಊಟ ಮಾಡಿ ಬಂದೆ ಅಂದರೆ, "ಯಾರ ಜೊತೆ?" ಅನ್ನುತ್ತಾಳೆ. ಒಬ್ಬನೇ ಅಂದರೆ, "ಒಬ್ರೇ ಯಾಕೆ?" ಅನ್ನುತ್ತಾಳೆ. ಯಾವ ಕೆಲಸವನ್ನೂ ಅವಳು ಸರಿಯಿದೆ ಎಂದು ಒಪ್ಪಿಕೊಂಡಿದ್ದನ್ನು ಕೇಳಿದವರಿಲ್ಲ. ಬಾಯಲ್ಲಿ ಬರುವುದು ಒಂದೇ ಮಾತು, "ನೋಡೋಣ."

ಈ ಲೋಕದಲ್ಲಿ ಅವಳು ಅನುಮಾನಪಡದೆ ಬಿಟ್ಟ ಜೀವ ಒಂದೇ, ಅವಳ ತಂಗಿ. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಹಾಲುಹಲ್ಲಿನ ಮಗು. ಎತ್ತಿ ಆಡಿಸಿದವಳು ಹಲ್ಲಕ್ಕ, ಉಣ್ಣಿಸಿದವಳು ಹಲ್ಲಕ್ಕ, ಬೆಂಚಿನ ಮುಂದೆ ಸ್ಟೂಲು ಹಾಕಿ ಮೇಣದ ಚಾಕು ಹಿಡಿಯಲು ಕಲಿಸಿದವಳೂ ಅವಳೇ. ತಂಗಿ ಬೆಳೆದು ಅಕ್ಕನಿಗಿಂತ ಒಂದು ಗೇಣು ಎತ್ತರವಾದಳು, ಕೆಲಸದಲ್ಲೂ ಸಮಸಮ ಆದಳು. ಬೇರೆ ಯಾರೇ ಹಲ್ಲಿನ ಸೆಟ್ಟು ಮುಗಿಸಿಕೊಟ್ಟರೂ ಹಲ್ಲಕ್ಕ ಅದರ ಒಳಮೈಗೆ ಹೆಬ್ಬೆರಳಿನ ಉಗುರು ಆಡಿಸಿ ತರಿ ಹುಡುಕುತ್ತಾಳೆ. ತಂಗಿಯ ಸೆಟ್ಟನ್ನು ಮಾತ್ರ ಮುಟ್ಟಿಯೂ ನೋಡದೆ ಡಬ್ಬಕ್ಕೆ ಹಾಕುತ್ತಾಳೆ.

ಈ ಕಾರ್ಯಾಗಾರ ಅವರ ಅಪ್ಪನದು. ಅವರನ್ನು ಜನ ನಗುಮಾಸ್ತರ ಎಂದೇ ಕರೆಯುತ್ತಿದ್ದರು. ಹೊಸ ಹಲ್ಲು ಹಾಕಿಕೊಂಡವರ ಕೈಗೆ ಕನ್ನಡಿ ಕೊಟ್ಟು, "ಎಲ್ಲಿ, ಒಂದು ನಗು ಬರಲಿ" ಎಂದು ಅವರು ನಗುವ ತನಕ ಬಿಡುತ್ತಿರಲಿಲ್ಲವಂತೆ. ಅವರು ಮಕ್ಕಳಿಬ್ಬರಿಗೂ ಕಲಿಸಿದ ಮೊದಲ ಪಾಠ ಹಲ್ಲಿನದಲ್ಲ, ಹೆಸರಿನದು. ಪ್ರತಿ ಅಚ್ಚಿನ ಬುಡದಲ್ಲಿ ರೋಗಿಯ ಹೆಸರು ಕೊರೆಯಬೇಕು. ಕಪಾಟಿನಲ್ಲಿ ಒಂದೇ ಹೆಸರಿನ ಎರಡು ಅಚ್ಚು ಎಂದೂ ಇರಕೂಡದು; ಇದ್ದರೆ ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಅದೇ ರೋಗಿಯ ಎರಡನೇ ಅಚ್ಚು ಬಂದರೆ ಹೊಸದರ ಹೆಸರು ಮುಟ್ಟಬಾರದು, ಹಳೆಯದರ ಹೆಸರು ಕೆರೆದು ಹಾಕಬೇಕು. "ಬಾಯಿ ಬದಲಾಗ್ತಾ ಇರುತ್ತೆ ಮಕ್ಕಳಾ, ಈಗಿನ ಬಾಯಿ ಹೊಸ ಅಚ್ಚಲ್ಲೇ ಇರೋದು" ಅನ್ನುತ್ತಿದ್ದರು. ಅಪ್ಪ ಹೋದ ಮೇಲೂ ಆ ಕಪಾಟಿನ ಕಟ್ಟಳೆ ಸಡಿಲಾಗಲಿಲ್ಲ.

ಈಚೆಗೆ ಕೆಲವು ಡಾಕ್ಟರುಗಳು ಅಳತೆ ತೆಗೆಯುವುದನ್ನೇ ಬಿಟ್ಟು, ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿ ಚಿತ್ರ ಕಳಿಸತೊಡಗಿದರು. ಅದಕ್ಕಾಗಿ ಒಂದು ಲ್ಯಾಪ್‌ಟಾಪು ಬಂತು, ಅಚ್ಚು ಮುದ್ರಿಸುವ ಯಂತ್ರ ಬಂತು, ಗೋಡೆಗೆ ವೈಫೈ ಡಬ್ಬ ಬಂತು. ಡಬ್ಬಕ್ಕೆ ಹೆಸರಿಡಬೇಕಾದಾಗ ತಂಗಿ "ನಗುಮಾಸ್ತರ" ಎಂದೇ ಇಟ್ಟಳು. ಹಲ್ಲಕ್ಕ ಆ ಹೊತ್ತು ಮೇಣ ಕರಗಿಸುವ ನೆಪದಲ್ಲಿ ಆಚೆ ತಿರುಗಿ ಕಣ್ಣೊರೆಸಿಕೊಂಡಳು. ಪಾಸ್‌ವರ್ಡು ಮರೆತುಹೋಗದಿರಲಿ ಎಂದು ಚೀಟಿ ಬರೆದು ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸಿದಳು. ಬೀಗವನ್ನು ಮೂರು ಸಲ ಎಳೆದು ನೋಡುವ ಹೆಂಗಸು ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಹೇಳಲು ಹೋದ ಯಜಮಾನರಿಗೆ, "ನಿಮಗ್ಯಾಕೆ ಪಾಸ್‌ವರ್ಡು?" ಎಂಬ ಉತ್ತರ ಸಿಕ್ಕಿತು.

ಲ್ಯಾಪ್‌ಟಾಪು ತಂಗಿಯ ಜೊತೆ ಊರು ತಿರುಗುತ್ತಿತ್ತು. ಮಧ್ಯಾಹ್ನ ಅದನ್ನು ಚೀಲಕ್ಕೆ ಹಾಕಿಕೊಂಡು ಅವಳು ಕ್ಲಿನಿಕ್ಕುಗಳ ಸುತ್ತು ಹೊಡೆದು, ಮುಗಿದ ಸೆಟ್ಟು ಕೊಟ್ಟು, ಹೊಸ ಅಳತೆ ತಂದು, ಡಾಕ್ಟರಿಗೆ ಹಲ್ಲಿನ ಬಣ್ಣ ತೋರಿಸಿ, ಬರುವಾಗ ಪ್ಲಾಸ್ಟರು ಚೀಲ ಹೊತ್ತು ಬರುತ್ತಿದ್ದಳು.

ಒಂದು ಬೆಳಿಗ್ಗೆ ತಂಗಿ ಇನ್ನೂ ಬಂದಿರಲಿಲ್ಲ. ಚಿತ್ರವೊಂದು ಇಳಿಯದೆ ಸತಾಯಿಸುತ್ತಿತ್ತು. ಹಲ್ಲಕ್ಕ ತಾನೇ ಅಲ್ಲಿ ಇಲ್ಲಿ ಒತ್ತುತ್ತಾ, ಲ್ಯಾಪ್‌ಟಾಪು ನೆನಪಿಟ್ಟುಕೊಂಡ ವೈಫೈ ಹೆಸರುಗಳ ಪಟ್ಟಿಗೆ ಹೋಗಿಬಿಟ್ಟಳು. ಮೊದಲನೆಯದು "ನಗುಮಾಸ್ತರ". ಅದರ ಕೆಳಗೆ "ನಗುಮಾಸ್ತರ 2".

ಕಪಾಟಿನಲ್ಲಿ ಒಂದೇ ಹೆಸರಿನ ಎರಡು ಅಚ್ಚು ಕಂಡ ಹಾಗಾಯಿತು ಅವಳಿಗೆ. ಅಪ್ಪ ಇದ್ದದ್ದು ಒಬ್ಬರು. ಈ ಎರಡನೆಯವನು ಎಲ್ಲಿಂದ ಬಂದ?

ತಂಗಿಗೆ ಹೇಳಲಿಲ್ಲ. ಪಾಪ, ಹೆದರಿಕೊಳ್ಳುತ್ತಾಳೆ. ಬೆನ್ನು ನೋವು ಎಂದು ಆಗಲೇ ದಿನಾ ಸಂಜೆ ಗೋಡೆಗೆ ಒರಗಿ ನಿಲ್ಲುತ್ತಿದ್ದಾಳೆ, ಇದೊಂದು ಚಿಂತೆ ಬೇರೆ ಯಾಕೆ ಎಂದುಕೊಂಡು, ತಂಗಿ ಪ್ಲಾಸ್ಟರು ಕಲಸುವ ಹೊತ್ತು ನೋಡಿ ಲ್ಯಾಪ್‌ಟಾಪನ್ನು ಸೆರಗಿನಡಿ ಮುಚ್ಚಿಕೊಂಡು ರಿಪೇರಿಯವನ ಅಂಗಡಿಗೆ ಹೋದಳು. ರಿಪೇರಿಯವನು ಹಣೆ ಮೇಲೆ ಕನ್ನಡಕ ಏರಿಸಿಕೊಂಡ ನಡುವಯಸ್ಸಿನವನು. ಅವನು ಲ್ಯಾಪ್‌ಟಾಪು ಒಳಗೆ ಒಯ್ಯಲು ಎದ್ದಾಗ ಹಲ್ಲಕ್ಕ, "ಇಲ್ಲೇ ನೋಡಿ, ನನ್ನ ಕಣ್ಣೆದುರಿಗೆ" ಎಂದಳು. ಅವನು ಕೂತ.

"ಇದರಲ್ಲಿ ಕಳ್ಳತನ ಏನಿಲ್ಲಮ್ಮ," ಎಂದ ಅವನು ನೋಡಿ. "ನಿಮ್ಮ ಡಬ್ಬದ ಹೆಸರೇ ಇರೋ ಇನ್ನೊಂದು ಡಬ್ಬ ಎಲ್ಲೋ ಇದೆ. ಅದರ ಪಾಸ್‌ವರ್ಡ್ ಬೀಗದ ಜಾತಿ ಬೇರೆ, ಹೊಸ ಥರದ್ದು. ಲ್ಯಾಪ್‌ಟಾಪು ಅದಕ್ಕೆ ಕೂಡಿಕೊಂಡಾಗ ಎರಡನ್ನೂ ಗುರುತು ಹಿಡಿಯೋಕೆ ತಾನೇ ಮುಂದೆ ಎರಡು ಅಂತ ಹಾಕ್ಕೊಂಡಿದೆ."

"ತಾನಾಗೇ ಹೋಗಿ ಕೂಡ್ಕೊಳ್ತಾ?"

"ಮೊದಲನೇ ಸಲ ಯಾರಾದ್ರೂ ಪಾಸ್‌ವರ್ಡ್ ಹೊಡೀಬೇಕು. ಆಮೇಲೆ ಆ ಜಾಗಕ್ಕೆ ಹೋದಾಗೆಲ್ಲ ತಾನೇ ಹಿಡ್ಕೊಳ್ಳುತ್ತೆ." ಅವನು ಎರಡನೆಯ ಹೆಸರಿನ ಮೇಲೆ ಒತ್ತಿ ಅಳಿಸಿದ. "ನೋಡಿ, ಹೋಯ್ತು. ಮತ್ತೆ ಬಂದ್ರೆ, ಯಾರೋ ಮತ್ತೆ ಹೊಡೆದಿದ್ದಾರೆ ಅಂತ."

ಹಲ್ಲಕ್ಕ ಅಂಗಡಿಯಿಂದ ಇಳಿಯುವ ಹೊತ್ತಿಗೆ ಕಥೆ ಪೂರಾ ಕಟ್ಟಿ ಮುಗಿಸಿದ್ದಳು. ಲ್ಯಾಪ್‌ಟಾಪು ಹೋಗುವುದು ಕ್ಲಿನಿಕ್ಕುಗಳಿಗೆ. ತಂಗಿ ಒಳಗೆ ಡಾಕ್ಟರ ಹತ್ತಿರ ಮಾತಾಡುವಾಗ ಚೀಲ ಹೊರಗೆ ಬೆಂಚಿನ ಮೇಲಿರುತ್ತದೆ. ಯಾರೋ ಚೀಲ ಬಿಚ್ಚಿ, ತಳದ ಚೀಟಿ ನೋಡಿ, ಅದೇ ಹೆಸರಿನ ಸುಳ್ಳು ಡಬ್ಬ ಹೂಡಿ, ರೋಗಿಗಳ ಬಾಯಿಯ ಚಿತ್ರಗಳನ್ನೆಲ್ಲ ಎಳೆದುಕೊಳ್ಳುತ್ತಿದ್ದಾರೆ. ಒಬ್ಬ ಡಾಕ್ಟರ ರೋಗಿಯ ಬಾಯಿ ಇನ್ನೊಬ್ಬರ ಕೈಗೆ ಸಿಕ್ಕಿತು ಅಂತಾದರೆ ನಾಳೆಯಿಂದ ಯಾರೂ ಇವಳ ಬಾಗಿಲಿಗೆ ಒಂದು ಹಲ್ಲೂ ಕಳಿಸುವುದಿಲ್ಲ. ಅಪ್ಪ ಕಟ್ಟಿದ್ದು, ತಂಗಿಯ ಬದುಕು, ಎಲ್ಲ ಅಲ್ಲಿಗೆ ಮುಗಿಯಿತು. ತನ್ನ ಗತಿ ಏನು ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಯಾರು ಎಂಬುದಕ್ಕೂ ಅವಳ ಬಳಿ ಉತ್ತರ ಸಿದ್ಧವಿತ್ತು. ಎಲ್ಲರಿಗಿಂತ ಹೆಚ್ಚು ಕೆಲಸ ಕೊಡುವ ದೊಡ್ಡ ಡಾಕ್ಟರು. ಈಚೆಗೆ ಫೋನು ಮಾಡಿದಾಗೆಲ್ಲ, "ನಿಮ್ಮ ತಂಗಿ ಕೈ ಬಂಗಾರ ಬಿಡಿ" ಅನ್ನುತ್ತಿದ್ದರು. ಕಾರಣವಿಲ್ಲದೆ ಹೊಗಳುವವರನ್ನು ಕಂಡರೆ ಹಲ್ಲಕ್ಕನಿಗೆ ಮೊದಲಿನಿಂದಲೂ ಆಗದು. ತಾನೇ ಕಾರ್ಯಾಗಾರ ತೆರೆಯುವ ಹುನ್ನಾರ ಇರಬೇಕು ಎಂದುಕೊಂಡಳು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ತಂಗಿ ಸುತ್ತು ಮುಗಿಸಿ ಬಂದು ಕೈಕಾಲು ತೊಳೆಯಲು ಹೋದದ್ದೇ ತಡ, ಲ್ಯಾಪ್‌ಟಾಪು ತೆರೆದು ಪಟ್ಟಿ ನೋಡುತ್ತಿದ್ದಳು. ಕೆಲವು ದಿನ ಏನೂ ಇರಲಿಲ್ಲ. ಆಮೇಲೊಂದು ಸಂಜೆ ಅದು ಮತ್ತೆ ಅಲ್ಲಿ ಕೂತಿತ್ತು. ನಗುಮಾಸ್ತರ 2.

ಮರುದಿನ ಮಧ್ಯಾಹ್ನ ತಂಗಿ ಚೀಲ ಎತ್ತಿಕೊಳ್ಳುವಾಗ ಹಲ್ಲಕ್ಕ ಅದರ ಪಟ್ಟಿ ಹಿಡಿದಳು.

"ಇವತ್ತು ಸುತ್ತಿಗೆ ನಾನು ಹೋಗ್ತೀನಿ. ನೀನು ಇಲ್ಲಿರು."

"ಬೇಡಕ್ಕ. ಎಲ್ಲ ಕಡೆ ಮೆಟ್ಟಿಲು. ನಿನ್ನ ಮಂಡಿಗೆ ಆಗಲ್ಲ."

"ಮಂಡಿ ನೋಡ್ಕೊಳ್ತೀನಿ ಬಿಡು. ಯಾರೋ ನಮ್ಮ ಅಪ್ಪನ ಹೆಸರು ಕದ್ದಿದ್ದಾರೆ ಕಣೆ ಪುಟ್ಟಿ. ಹಿಡಿದೇ ಬರ್ತೀನಿ."

"ಏನೋ ಯಂತ್ರದ ತಪ್ಪಿರುತ್ತೆ. ಇರಲಿ ಬಿಡಕ್ಕ," ಎಂದಳು ತಂಗಿ. ಅವಳ ಕೈ ಇನ್ನೂ ಚೀಲ ಬಿಟ್ಟಿರಲಿಲ್ಲ.

ಯಾರೇ ಬೇರೆಯವರು ಹಾಗೆ ಚೀಲ ಹಿಡಿದು ನಿಂತಿದ್ದರೆ ಹಲ್ಲಕ್ಕ ಅಲ್ಲೇ ಅವರನ್ನು ಕೂರಿಸಿ ಬಾಯಿ ಬಿಡಿಸುತ್ತಿದ್ದಳು. ತಂಗಿಯ ವಿಷಯದಲ್ಲಿ ಅವಳಿಗೆ ಕಂಡದ್ದು, ಅಕ್ಕನ ಮಂಡಿಯ ಮೇಲೆ ಈ ಹುಡುಗಿಗೆ ಎಷ್ಟು ಕಾಳಜಿ ಎಂಬುದು ಮಾತ್ರ.

ಒಂದೊಂದು ಕ್ಲಿನಿಕ್ಕಿನಲ್ಲೂ ಅವಳು ಹೊರಗಿನ ಬೆಂಚಿನ ಮೇಲೆ ಕೂತು, ದವಡೆ ಹಿಡಿದುಕೊಂಡ ರೋಗಿಗಳ ನಡುವೆ ಲ್ಯಾಪ್‌ಟಾಪು ತೆರೆದಳು. ಅದು ಯಾವುದಕ್ಕೂ ಕೂಡಿಕೊಳ್ಳಲಿಲ್ಲ. ದೊಡ್ಡ ಡಾಕ್ಟರ ಕ್ಲಿನಿಕ್ಕಿನಲ್ಲಿ ಬೇಕೆಂದೇ ಹೆಚ್ಚು ಹೊತ್ತು ಕೂತಳು, ನೀರಿನ ಪಾತ್ರೆಯ ಹತ್ತಿರ ಒಮ್ಮೆ, ಕಿಟಕಿಯ ಹತ್ತಿರ ಒಮ್ಮೆ ಜಾಗ ಬದಲಿಸಿದಳು. ಊಹುಂ. ಡಾಕ್ಟರೇ ಹೊರಗೆ ಬಂದು, "ಅರೆ, ಇವತ್ತು ನೀವೇ ಬಂದ್ರಾ? ಹಾಗಾದ್ರೆ ಇನ್ಮೇಲೆ ನಿಮ್ಮ ಕಡೆಯಿಂದ ನೀವೇ ಬರೋದಾ?" ಎಂದು ಕೇಳಿದರು.

"ಯಾಕೆ, ನಾನು ಬರಬಾರದಾ?" ಎಂದಳು ಹಲ್ಲಕ್ಕ. ಡಾಕ್ಟರು ಏನೋ ಹೇಳಲು ಹೊರಟವರು ನುಂಗಿಕೊಂಡು ಒಳಗೆ ಹೋದರು. ಆ ನುಂಗಿದ್ದನ್ನು ಹಲ್ಲಕ್ಕ ತಪ್ಪದೆ ಗಮನಿಸಿದಳು, ತಪ್ಪಾಗಿಯೇ ತಿಳಿದಳು.

ಕೊನೆಗೆ ಉಳಿದದ್ದು ಪ್ಲಾಸ್ಟರು ಮಾರುವ ಸಾಹುಕಾರನ ಅಂಗಡಿ. ಅಪ್ಪನ ಕಾಲದಿಂದ ಪರಿಚಯ, ಆದ್ದರಿಂದ ಅಪ್ಪನ ಕಾಲದಿಂದ ಅನುಮಾನ. ತೂಕದಲ್ಲಿ ಹೊಡೆಯುತ್ತಾನೆ ಎಂಬುದು ಅವಳ ನಂಬಿಕೆ. ಅವನು ಒಳಗೆ ಚೀಲ ತುಂಬಿಸುವಷ್ಟು ಹೊತ್ತು ಕಾಯುತ್ತಾ ಅವಳು ಬಿಳಿ ಪುಡಿ ಮೆತ್ತಿದ ಕುರ್ಚಿಯಲ್ಲಿ ಕೂತು, ಹಾಳಾಗಿ ಹೋಗಲಿ ಇಲ್ಲೂ ಒಮ್ಮೆ ನೋಡಿಬಿಡೋಣ ಎಂದು ಲ್ಯಾಪ್‌ಟಾಪು ತೆರೆದಳು. ಅದು ಮನೆಗೆ ಬಂದ ಹಸುವಿನ ಹಾಗೆ ತನ್ನಷ್ಟಕ್ಕೆ ಹೋಗಿ ಕೂಡಿಕೊಂಡಿತು. ನಗುಮಾಸ್ತರ 2.

ಸಾಹುಕಾರ ಚೀಲ ಹೊತ್ತು ಹೊರಗೆ ಬಂದಾಗ ಹಲ್ಲಕ್ಕ ಎದ್ದು ನಿಂತಿದ್ದಳು. "ಏನ್ರೀ ಇದು? ನಮ್ಮಪ್ಪನ ಹೆಸರು ನಿಮ್ಮ ಅಂಗಡೀಲಿ ಯಾಕಿದೆ?"

ಸಾಹುಕಾರ ಲ್ಯಾಪ್‌ಟಾಪನ್ನೂ ಅವಳನ್ನೂ ನೋಡಿದ. "ನಮ್ಮ ಅಂಗಡೀದಲ್ಲ. ಮೇಲಿನ ಕೋಣೇದು. ನಿಮ್ಮ ತಂಗಿಗೇ ಅಲ್ವಾ ಬಾಡಿಗೆಗೆ ಕೊಟ್ಟಿರೋದು? ಬೆಂಚು ಗಿಂಚು ಎಲ್ಲ ಹಾಕಿಸಿ ಆಯ್ತಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದ, "ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿರದೆ ಏನು," ಎಂದಳು ಹಲ್ಲಕ್ಕ. "ತಮಾಷೆಗೆ ಕೇಳಿದೆ."

ತಮಾಷೆಯನ್ನು ಅವಳ ಬಾಯಲ್ಲಿ ಸಾಹುಕಾರ ಆವರೆಗೆ ಕೇಳಿರಲಿಲ್ಲ. ಅವಳು ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಹೋದಳು. ಬಾಗಿಲಿಗೆ ಬೀಗವಿತ್ತು. ಅಭ್ಯಾಸಬಲದಿಂದ ಎಳೆದು ನೋಡಿದಳು, ಗಟ್ಟಿಯಾಗಿತ್ತು. ಕಿಟಕಿಯ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದಳು.

ಚೊಕ್ಕ ಕೋಣೆ. ಕಪಾಟಿನಲ್ಲಿ ಕೆಲವೇ ಅಚ್ಚುಗಳು, ಎಲ್ಲದರ ಬುಡದಲ್ಲೂ ಹೆಸರು. ಗೋಡೆಯ ಮೊಳೆಗೆ ಒಂದು ಕೈಗನ್ನಡಿ. ಹೊಳಪು ಕೊಡುವ ಚಕ್ರ, ಮೇಣದ ದೀಪ, ಎಲ್ಲ ತಮ್ಮ ಕಾರ್ಯಾಗಾರದಲ್ಲಿ ಇದ್ದ ಕಡೆಯೇ ಇದ್ದವು, ಎಡಕ್ಕೆ ಎಡ, ಬಲಕ್ಕೆ ಬಲ. ಬೇರೆ ಇದ್ದದ್ದು ಬೆಂಚು ಒಂದೇ. ಅದು ಎತ್ತರವಾಗಿತ್ತು. ಹಲ್ಲಕ್ಕ ಅದರ ಮುಂದೆ ಕೂತರೆ ಗದ್ದ ಬೆಂಚಿಗೆ ತಾಗುವಷ್ಟು ಎತ್ತರ. ಯಾರಿಗಾಗಿ ಮಾಡಿಸಿದ ಬೆಂಚು ಎಂಬುದಕ್ಕೆ ಅಳತೆ ಹಿಡಿದು ನೋಡುವ ಅಗತ್ಯವಿರಲಿಲ್ಲ.

ಕೂದಲೆಳೆಯಷ್ಟು ಎತ್ತರ ತಗ್ಗನ್ನು ಉಗುರಿನ ತುದಿಯಲ್ಲಿ ಕಂಡುಹಿಡಿಯುವ ಹೆಂಗಸು ಅವಳು. ತನ್ನ ಕುಳ್ಳ ಮೈಗೆ ತಕ್ಕ ಹಾಗೆ ಕೊಯ್ಯಿಸಿದ ಬೆಂಚಿನ ಮುಂದೆ ತಂಗಿ ವರ್ಷಗಟ್ಟಲೆ ಗೂನು ಬಾಗಿ ಕೂತದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬೆನ್ನು ನೋವು ಅಂದಾಗ ಎಣ್ಣೆ ಕಾಯಿಸಿ ತಿಕ್ಕಿದ್ದಳು, ಅಷ್ಟೆ. ಹಲ್ಲಕ್ಕನಿಗೆ ಸಿಟ್ಟು ಬಂತು, ಅವಮಾನವಾಯಿತು, ಅದರ ಹಿಂದೆಯೇ ಅಳು ಬಂತು. ಯಾವುದು ಯಾರ ಮೇಲೆ ಎಂದು ಬೇರ್ಪಡಿಸಲಾಗದೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದಳು. ಪ್ಲಾಸ್ಟರಿನ ಚೀಲ ಅಂಗಡಿಯಲ್ಲೇ ಮರೆತು ಬಂದಳು.

ಕಾರ್ಯಾಗಾರದಲ್ಲಿ ತಂಗಿ ಕೆಲಸ ಮಾಡದೆ ಕೂತಿದ್ದಳು. ಅಕ್ಕನ ಮುಖ ನೋಡಿದ್ದೇ ಎದ್ದು ನಿಂತಳು. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ, ಅವಳು ಒರಗಿ ಒರಗಿ ಸುಣ್ಣ ಸವೆದು ಹೊಳೆಯುತ್ತಿದ್ದ ಜಾಗ ಹಲ್ಲಕ್ಕನಿಗೆ ಅಂದೇ ಮೊದಲು ಕಂಡಿತು.

"ಯಾವಾಗ ಹೇಳಬೇಕು ಅಂತಿದ್ದೆ?" ಎಂದಳು ಹಲ್ಲಕ್ಕ.

"ದಿನಾ ಅಂದ್ಕೊಳ್ತಿದ್ದೆ ಅಕ್ಕ."

"ಅಂದ್ಕೊಂಡು?"

"ನೀನು ಭಾವನ್ನ ನಂಬಲ್ಲ, ಡಾಕ್ಟರನ್ನ ನಂಬಲ್ಲ, ಬೀಗಾನೂ ನಂಬಲ್ಲ. ನನ್ನನ್ನ ಮಾತ್ರ ಒಂದು ದಿನಾನೂ ಏನೂ ಕೇಳಲಿಲ್ಲ. ಒಂದೇ ಒಂದು ಸಲ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ರೂ ಅವತ್ತೇ ಹೇಳಿಬಿಡ್ತಿದ್ದೆ. ನೀನು ಕೇಳಲೇ ಇಲ್ಲ." ತಂಗಿ ಸೆರಗಿನಿಂದ ಮೂಗೊರೆಸಿಕೊಂಡಳು. "ದೊಡ್ಡ ಡಾಕ್ಟರು ಸ್ವಂತ ಮಾಡು, ಸ್ವಲ್ಪ ಕೆಲಸ ಕೊಡ್ತೀನಿ ಅಂದ್ರು. ನಿನ್ನ ಕೆಲಸ ಒಂದೂ ಮುಟ್ಟಿಲ್ಲ. ಬೇಕಾದ್ರೆ ಕೇಳಿ ನೋಡು."

"ಕೇಳಲ್ಲ," ಎಂದಳು ಹಲ್ಲಕ್ಕ. "ಹೆಸರು? ಅಪ್ಪನ ಹೆಸರು ಯಾಕೆ ಇಟ್ಟೆ?"

"ಬೇರೆ ಏನಿಡಲಿ? ಅವರು ನನಗೂ ಅಪ್ಪ ತಾನೆ."

ಮುಂದಿನ ಕೆಲವು ದಿನ ಅಕ್ಕತಂಗಿಯರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಗಲಿಲ್ಲ. ಯಜಮಾನರು ಊಟ ಮಾಡಿ ಬಂದೆ ಅಂದರೂ ಹಲ್ಲಕ್ಕ ಯಾರ ಜೊತೆ ಎಂದು ಕೇಳಲಿಲ್ಲ; ಅವರಿಗೆ ಅದೇ ಗಾಬರಿಯಾಗಿ, ಕೇಳದಿದ್ದರೂ ಎಲ್ಲಿ, ಯಾರ ಜೊತೆ, ಏನು ತಿಂದೆ ಎಂದೆಲ್ಲ ತಾವೇ ವರದಿ ಒಪ್ಪಿಸತೊಡಗಿದರು. ಹಲ್ಲಕ್ಕ ಬಿಟ್ಟು ಹೋಗಬೇಡ ಎಂದು ಬಾಯಿ ಬಿಟ್ಟು ಕೇಳಿದ್ದರೆ ತಂಗಿ ಆ ಬಾಡಿಗೆ ಕೋಣೆಯನ್ನು ಮರುದಿನವೇ ಖಾಲಿ ಮಾಡುತ್ತಿದ್ದಳು. ಇಬ್ಬರಿಗೂ ಅದು ಗೊತ್ತಿತ್ತು.

ಆಮೇಲೊಂದು ದಿನ ತಂಗಿ ಬೆಳಿಗ್ಗೆ ಬಂದು ಅಚ್ಚು ಮುದ್ರಿಸುವ ಯಂತ್ರ ಹಾಕಿದರೆ ಅದು ಅಲುಗಲಿಲ್ಲ. ಲ್ಯಾಪ್‌ಟಾಪು ತೆರೆದರೆ ಅದಕ್ಕೂ ವೈಫೈ ಸಿಗಲಿಲ್ಲ. ತಳದ ಚೀಟಿ ಕಿತ್ತು ಹೋಗಿತ್ತು. ಗಾಳಿಯಲ್ಲಿದ್ದ ಹೆಸರುಗಳನ್ನು ಹುಡುಕಿದಳು. "ನಗುಮಾಸ್ತರ" ಎಲ್ಲೂ ಇರಲಿಲ್ಲ. ಅದರ ಜಾಗದಲ್ಲಿ "ಹಲ್ಲಕ್ಕ" ಎಂಬ ಹೆಸರಿತ್ತು.

"ಅಕ್ಕ, ಡಬ್ಬದ ಹೆಸರು ಬದಲಾಗಿದೆ."

"ಹೂಂ. ನಿನ್ನೆ ರಿಪೇರಿಯವನನ್ನ ಕರೆಸಿ ಮಾಡಿಸ್ದೆ. ಅವನ ಮುಂದೇನೇ ಕೂತಿದ್ದೆ." ಹಲ್ಲಕ್ಕ ಮೇಣದ ವಸಡಿನಿಂದ ತಲೆ ಎತ್ತಲಿಲ್ಲ. "ಲ್ಯಾಪ್‌ಟಾಪಲ್ಲಿದ್ದ ಆ ಎರಡೂ ಹೆಸರು ಅಳಿಸಿದಾನೆ. ನಿನ್ನ ಕೋಣೇಲಿ ಇನ್ನೊಂದು ಸಲ ಪಾಸ್‌ವರ್ಡ್ ಹೊಡಿ. ಮುಂದೆ ಎರಡು ಅಂತ ಬರಲ್ಲವಂತೆ."

ತಂಗಿ ಲ್ಯಾಪ್‌ಟಾಪು ಮುಚ್ಚಿದಳು. "ನನ್ನದನ್ನ ಬದಲಾಯಿಸ್ತಿದ್ದೆ ಅಕ್ಕ. ನೀನ್ಯಾಕೆ ನಿನ್ನದನ್ನ..."

"ಒಂದೇ ಹೆಸರಿನ ಎರಡು ಬಂದ್ರೆ ಅಪ್ಪ ಯಾವುದನ್ನ ಕೆರೀರಿ ಅಂತಿದ್ರು?"

ತಂಗಿಯ ಕೈಯಲ್ಲಿ ಮುಗಿಸಿದ ಸೆಟ್ಟೊಂದಿತ್ತು, ಅದನ್ನು ಬೆಂಚಿನ ಮೇಲಿಟ್ಟಳು. ಹಲ್ಲಕ್ಕ ಅದನ್ನು ಎತ್ತಿಕೊಂಡು, ಜೀವನದಲ್ಲಿ ಮೊದಲ ಸಲ, ತಂಗಿಯ ಕೆಲಸದ ಒಳಮೈಗೆ ಹೆಬ್ಬೆರಳಿನ ಉಗುರು ಆಡಿಸಿದಳು. ನಿಧಾನವಾಗಿ, ಈ ತುದಿಯಿಂದ ಆ ತುದಿಯವರೆಗೆ, ಬೇರೆ ಕಾರ್ಯಾಗಾರದಿಂದ ಬಂದ ಮಾಲನ್ನು ನೋಡುವ ಹಾಗೆ ನೋಡಿದಳು.

"ಸರಿಯಿದೆ," ಎಂದಳು.

ಆಮೇಲೆ ಕೇಳಿದಳು, "ಆ ಸಾಹುಕಾರನ ಹತ್ರ ನಿನ್ನ ಕೋಣೆ ಬೀಗದ ಇನ್ನೊಂದು ಕೈ ಇದೆಯಾ ಅಂತ ವಿಚಾರಿಸಿದ್ಯಾ?"